ನೆಲ ಬೆಚ್ಚಗಿಡುವ ಮಾಲ್‌ಸುಕ್

ಬೆಳಗಿನ ಆರು ಗಂಟೆ, ನವೆಂಬರ್ ತಿಂಗಳ ಒಂದು ಮಂಗಳವಾರ. ಜೆಚನ್ ಊರಿನ ನಮ್ಮ ಗುಡ್ಡದ ಕೇರಿಯಲ್ಲಿ ನಾಯಿಗಳಿಗೂ ಏಳುವ ಮನಸ್ಸಿಲ್ಲ. ದಾನ್ಯಾಂಗ್ ಅಜ್ಜಿ ಮಾತ್ರ ಎದ್ದು, ಎರಡು ಸ್ವೆಟರಿನ ಮೇಲೆ ಹತ್ತಿ ತುಂಬಿದ ಅಂಗಿ ತೊಟ್ಟು, ಅಡುಗೆಮನೆಯ ಹಿಂದಿನ ಇಕ್ಕಟ್ಟು ಕೋಣೆಯ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಾರೆ. ಒಳಗೆ ತುಕ್ಕು ಹಿಡಿದ ಎಣ್ಣೆ ಬಾಯ್ಲರ್. ಅದರ ಪಕ್ಕದಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಒಂದರಲ್ಲಿ ಬೂದು ಬಣ್ಣದ ಉಣ್ಣೆ ಕಾಲುಚೀಲ, ಇನ್ನೊಂದರಲ್ಲಿ ಕೆಂಪು.

"ಸತ್ತೇ ಹೋಯ್ತೇನೇ ಅದು? ಸರಿಯಾಗಿ ನೋಡೇ!"

"ನಿನ್ನೆನೇ ಸತ್ತಿದೆ ಅಜ್ಜಿ. ಈಗ ನಾನೇನು ನಾಡಿ ಹಿಡೀಲಾ?"

ಕಾಲುಗಳ ಒಡತಿ ನಾ ಮಾಲ್‌ಸುಕ್, ವಯಸ್ಸು ಐವತ್ತೆಂಟು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವರಿಗೆ ರೂಢಿ. ನಮ್ಮ ಗುಡ್ಡದಲ್ಲಿ ಯಾರ ಮನೆಯ ನೆಲ ತಣ್ಣಗಾದರೂ ಮೊದಲು ಫೋನ್ ಹೋಗುವುದು ಇವರಿಗೆ. ನೆಲವೇ ಹಾಸಿಗೆ, ನೆಲವೇ ಊಟದ ಮನೆ, ನೆಲವೇ ಪಟ್ಟಾಂಗದ ಕಟ್ಟೆ ಆಗಿರುವ ನಮ್ಮಂಥವರಿಗೆ ನೆಲದಡಿಯ ಬಿಸಿನೀರಿನ ಕೊಳವೆ ನಿಂತಿತೆಂದರೆ ಮನೆಯೇ ನಿಂತ ಹಾಗೆ. ಹೀಗಿದ್ದೂ ಇಷ್ಟು ವರ್ಷ ಇವರ ಬಗ್ಗೆ ಒಂದು ಸಾಲು ಯಾರೂ ಬರೆದಿಲ್ಲ. ಪೇಪರಿಗೆ ಬರೆಯುತ್ತ ಇವರ ಎದುರು ಮನೆಯಲ್ಲೇ ಇರುವ ನಾನೂ ಬರೆದಿಲ್ಲ. ನಾಚಿಕೆಯಾಗಬೇಕು ನನಗೆ, ಆಗುತ್ತಿದೆ ಕೂಡ.

ಅಜ್ಜಿಯ ಕೂಗಾಟಕ್ಕೆ ಕಾರಣ ಚಳಿಯಲ್ಲ. ಎಂಬತ್ತನಾಲ್ಕು ವರ್ಷದ ಆ ಜೀವ ಇಂಥ ಚಳಿ ಎಷ್ಟೋ ಕಂಡಿದೆ. ಸೋಮವಾರ ಬೆಳಿಗ್ಗೆ ಬಾಯ್ಲರ್ ಸತ್ತಿತು. ಅದೇ ಸೋಮವಾರ ಮಧ್ಯಾಹ್ನ ಮೊಮ್ಮಗಳು ದಾಸೊಮ್ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹೆತ್ತಳು. ಶನಿವಾರ ಮಧ್ಯಾಹ್ನ ಬಾಣಂತಿ ಮತ್ತು ಮಗು ಇಬ್ಬರೂ ಈ ಮನೆಗೆ ಬರುತ್ತಾರೆ. ಬಂದ ಮೇಲೆ ಮೂರು ಏಳು, ಅಂದರೆ ಇಪ್ಪತ್ತೊಂದು ದಿನ, ಬಿಸಿ ನೆಲದ ಮೇಲೆ ಮಲಗಿ ಮೈ ಬೆವರಿಸಿಕೊಳ್ಳಬೇಕು. ಅಷ್ಟು ದಿನವೂ ಬಾಗಿಲಿಗೆ ಹುಲ್ಲಿನ ಹಗ್ಗ ಕಟ್ಟಿರುತ್ತದೆ. ಹಗ್ಗ ಕಟ್ಟಿದ ಮೇಲೆ ಹೊರಗಿನವರು ಯಾರೂ ಹೊಸಿಲು ದಾಟುವ ಹಾಗಿಲ್ಲ. ಪಟ್ಟಣದಲ್ಲಿ ಈಗ ಯಾರೂ ಕಟ್ಟುವುದಿಲ್ಲ, ದಾನ್ಯಾಂಗ್ ಅಜ್ಜಿ ಕಟ್ಟುತ್ತಾರೆ. ಬಾಯ್ಲರ್ ಮೇಸ್ತ್ರಿ ಕೂಡ ಅವರ ಲೆಕ್ಕದಲ್ಲಿ ಹೊರಗಿನವಳೇ.

"ಶನಿವಾರ ಎರಡು ಗಂಟೆ ಒಳಗೆ ನನ್ನ ನೆಲ ಕಾದಿರ್ಬೇಕು. ಆಮೇಲೆ ನೀನು ಬಾಗಿಲಲ್ಲಿ ನಿಂತು ಗೋಗರೆದ್ರೂ ಒಳಗೆ ಬಿಡಲ್ಲ, ತಿಳೀತಾ?"

"ತಿಳೀತು ಅಜ್ಜಿ. ಮೊದಲು ಈಗ ಒಳಗಿಂದ ಹೊರಗೆ ಬರೋಕೆ ಬಿಡಿ, ಕಾಲು ಮರಗಟ್ಟಿದೆ."

ಈ ಶರತ್ಕಾಲದಲ್ಲಿ ಗುಡ್ಡಕ್ಕೆ ಗ್ಯಾಸಿನ ಪೈಪು ಬಂದಿದೆ. ಹಾಗಾಗಿ ಎಣ್ಣೆ ಬಾಯ್ಲರಿಗೆ ಇನ್ನೊಮ್ಮೆ ಜೀವ ಬರಿಸುವ ಯೋಚನೆ ಬಿಟ್ಟು, ಗ್ಯಾಸಿನ ಹೊಸ ಬಾಯ್ಲರ್ ಹಾಕುವುದೆಂದು ಮಾಲ್‌ಸುಕ್ ತೀರ್ಮಾನಿಸುತ್ತಾರೆ. ಯಾವುದು ಹಾಕುವುದು ಎನ್ನುವುದರ ಮೇಲೆ ಬಾರ್ಲಿ ಚಹಾ ಕುಡಿಯುತ್ತ ಅರ್ಧ ಗಂಟೆ ಜಗಳವಾಗುತ್ತದೆ. ಅಕ್ಕಿ ಗಿರಣಿಯ ಮೆಂಗ್ ಯಜಮಾನರ ಮನೆಯಲ್ಲಿ ಮೂವತ್ತರ ಶಕ್ತಿಯದ್ದು ಇದೆ, ಅದಕ್ಕಿಂತ ದೊಡ್ಡದು ಬೇಕು ಎಂದು ಅಜ್ಜಿಯ ಹಟ. ಮಾಲ್‌ಸುಕ್ ಹೇಳುವುದು ಹದಿಮೂರರದ್ದು, ಅಂಗಡಿಯಲ್ಲಿ ಸಿಗುವುದರಲ್ಲೇ ಚಿಕ್ಕದು.

"ಅಜ್ಜಿ, ನಿಮ್ಮ ಮನೆ ಬರೀ ಹದಿನೆಂಟು ಪ್ಯೊಂಗ್, ನಾಲ್ಕು ಸಣ್ಣ ಕೋಣೆ. ಒಂದು ಹಿಡಿ ಅಕ್ಕಿ ಬೇಯಿಸೋಕೆ ಮದುವೆಮನೆ ಹಂಡೆ ಒಲೆ ಮೇಲಿಡ್ತೀರಾ?"

"ಮೆಂಗ್ ಇಟ್ಟಿದಾನಲ್ಲ!"

"ಅವರಿಟ್ಟಿದಾರೆ, ಅನುಭವಿಸ್ತಾ ಇದಾರೆ. ಹೋಗಿ ಅವರ ಗೋಡೆಗೆ ಕಿವಿ ಇಟ್ಟು ಕೇಳಿ."

ನಾನು ಕೇಳಿದ್ದೇನೆ, ನಮ್ಮ ಗೋಡೆಯೂ ಅವರ ಗೋಡೆಯೂ ಒಂದೇ. ಮೆಂಗ್ ಯಜಮಾನರ ಬಾಯ್ಲರ್ ಹತ್ತು ನಿಮಿಷಕ್ಕೊಮ್ಮೆ ಗೊರ್ ಎಂದು ಹತ್ತಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ಸಾಕೆಂದು ಆರುತ್ತದೆ, ಮತ್ತೆ ಗೊರ್ ಎನ್ನುತ್ತದೆ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಅಷ್ಟು ದೊಡ್ಡ ಯಂತ್ರಕ್ಕೆ ಅಷ್ಟು ಸಣ್ಣ ಕೆಲಸ ಸಾಲದು. ಹತ್ತಿ ಆರುವುದರಲ್ಲೇ ಗ್ಯಾಸೆಲ್ಲ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಬಾಯ್ಲರಿಗೂ ಸಲ್ಲುವ ಮಾತು.

ಮಾಲ್‌ಸುಕ್ ಬಾಯ್ಲರ್ ಆಯ್ದುಕೊಳ್ಳುವ ರೀತಿ ನೋಡಿದರೆ, ಇವರು ಬಾಯ್ಲರ್ ಮಾರಲು ಬಂದವರೋ ಅಥವಾ ಮಾರಬಾರದೆಂದು ಬಂದವರೋ ಎಂಬ ಅನುಮಾನ ಬರುತ್ತದೆ. ಮೊದಲು ಕಿಟಕಿಗಳ ಸಂದಿಗೆ ಒದ್ದೆ ಬೆರಳಿಟ್ಟು ಗಾಳಿ ನುಗ್ಗುತ್ತದೆಯೇ ನೋಡುತ್ತಾರೆ. ಗಾಜಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಲು ಅಜ್ಜಿಗೆ ಹೇಳುತ್ತಾರೆ. ಗೋಡೆ ತಟ್ಟುತ್ತಾರೆ. ಪ್ರತಿ ಕೋಣೆಯ ಅಳತೆ ಬರೆದುಕೊಳ್ಳುತ್ತಾರೆ. ಯಾರು ಸ್ನಾನ ಎಷ್ಟು ಹೊತ್ತಿಗೆ ಮಾಡುತ್ತಾರೆ ಎಂದು ಕೇಳಿದಾಗ ಅಜ್ಜಿ, "ನನ್ನ ಸ್ನಾನದ ವಿಷಯ ನಿನಗ್ಯಾಕೇ, ಪೇಪರಿಗೆ ಹಾಕಿಸ್ತೀಯಾ?" ಎಂದು ನನ್ನತ್ತ ಕಣ್ಣು ಕೆಕ್ಕರಿಸುತ್ತಾರೆ. ಹಾಕಿದ್ದೇನೆ ಅಜ್ಜಿ, ಕ್ಷಮಿಸಿ.

ಅವತ್ತೇ ಹತ್ತು ಗಂಟೆಗೆ ಮಾಲ್‌ಸುಕ್ ಹೊಸ ಬಾಯ್ಲರನ್ನು ಬೆನ್ನಿಗೆ ಕಟ್ಟಿಕೊಂಡು ನೂರ ಹದಿನೆಂಟು ಮೆಟ್ಟಿಲು ಹತ್ತುತ್ತಾರೆ. ನಮ್ಮ ಗುಡ್ಡಕ್ಕೆ ಗಾಡಿ ಬರುವುದಿಲ್ಲ. ಇಪ್ಪತ್ತೆಂಟು ಕಿಲೋ ತೂಕ, ಮೂರು ಕಡೆ ನಿಲ್ಲುತ್ತಾರೆ, ಮೂರೂ ಕಡೆ ಯಾರೋ ಒಬ್ಬರು ಬಾಗಿಲು ತೆಗೆದು "ನಮ್ಮದೂ ಒಂದು ನೋಡು ಮಾರಾಯ್ತಿ" ಎನ್ನುತ್ತಾರೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ದಿನಕ್ಕೆ ನಾಲ್ಕೈದು ಮನೆ, ಹಿಮ ಬಿದ್ದ ದಿನ ಎಂಟು. ಮಧ್ಯಾಹ್ನದ ಊಟ ಅಂದರೆ ಕಡಲ ಪಾಚಿಯಲ್ಲಿ ಸುತ್ತಿದ ಅನ್ನದ ಎರಡು ಉರುಳೆ, ಅದೂ ಮೆಟ್ಟಿಲ ಮೇಲೆ. ಎಡ ಮಂಡಿಗೆ ಸೂಜಿ ಚುಚ್ಚಿಸಿಕೊಂಡದ್ದು ಹೋದ ವರ್ಷ. ಬಲಗೈಯ ಹೆಬ್ಬೆರಳಿನ ಉಗುರು ಹೋಗಿ ಹತ್ತು ವರ್ಷವಾಯಿತು.

"ನೋವಿಲ್ವಾ?" ಎಂದೆ.

"ಇದೆ. ಆದ್ರೆ ಹನ್ನೊಂದನೇ ನಂಬರ್ ಬಸ್ ಓಡಿಸೋ ಗಂಡ ಇದಾರೆ ಮನೇಲಿ, ಸಂಜೆ ಕಾಲು ಒತ್ತುತಾರೆ. ಅವರಿಗೆ ಬೆನ್ನು ನೋವು, ನಾನು ಬೆನ್ನು ತುಳೀತೀನಿ. ಸರಿಹೋಗುತ್ತೆ ಬಿಡಿ ಪೇಪರ್ ಅಕ್ಕ."

ಅವರ ಅಪ್ಪನದೂ ನೆಲ ಕಾಯಿಸುವ ಕಸುಬೇ. ಆಗ ಕೊಳವೆ ಇರಲಿಲ್ಲ. ನೆಲದಡಿ ಚಪ್ಪಡಿ ಕಲ್ಲು ಹಾಸಿ, ಅಡುಗೆ ಒಲೆಯ ಹೊಗೆ ಕಲ್ಲಿನ ಕೆಳಗೆ ಹರಿದು ಆಚೆ ಬದಿಯ ಚಿಮಣಿ ಸೇರುವಂತೆ ಮಾಡಬೇಕಿತ್ತು. ಮಾಲ್‌ಸುಕ್ ಏಳನೇ ವಯಸ್ಸಿನಿಂದ ಅಪ್ಪನಿಗೆ ಮಣ್ಣು ಕಲಸಿ ಕೊಟ್ಟರು. ಕಲ್ಲು ಹಾಸುವುದನ್ನು ಮಾತ್ರ ಅಪ್ಪ ಕಲಿಸಲಿಲ್ಲ, ಹೆಣ್ಣು ಮಗಳಿಗೆ ಯಾಕೆ ಎಂದರು. ಆಮೇಲೆ ಕೊಳವೆ ಬಂತು, ಕಲ್ಲು ಹೋಯಿತು, ಅಪ್ಪ ಮೂರು ವರ್ಷ ಸಿಟ್ಟಿನಲ್ಲಿ ಮನೆಯಲ್ಲೇ ಕೂತರು. ಮಗಳು ಬಾಯ್ಲರ್ ಕೆಲಸ ಕಲಿಸುವ ಸಂಜೆ ತರಗತಿಗೆ ಸೇರಿದಳು. ನಲವತ್ತು ಗಂಡಸರು, ಇವಳೊಬ್ಬಳು. ಮೇಷ್ಟ್ರು ಮೊದಲ ದಿನ ಕಾಫಿ ಮಾಡಲು ಹೇಳಿದರು. ಮಾಡಿಕೊಟ್ಟಳಂತೆ, ಉಪ್ಪು ಹಾಕಿ. ಪರವಾನಗಿ ಎರಡನೇ ಸಲಕ್ಕೆ ಸಿಕ್ಕಿತು.

"ಮೊದಮೊದ್ಲು ಎಲ್ಲರೂ ಕೇಳೋರು, ಮೇಸ್ತ್ರಿ ಎಲ್ಲಮ್ಮಾ ಅಂತ. ಮೇಸ್ತ್ರಿ ನಿಮ್ಮ ಬಾಗಿಲಲ್ಲಿ ಚಳೀಲಿ ನಿಂತಿದಾಳೆ, ಒಳಗೆ ಕರೀತೀರಾ ಅನ್ನೋಳು ನಾನು. ಅಪ್ಪ ಒಂದೇ ಒಂದು ಮಾತು ಹೇಳಿಕೊಟ್ರು ಕೊನೇಲಿ. ಬಿಸಿ ಅನ್ನೋದು ದನ ಇದ್ದ ಹಾಗೆ, ಬಡಿದು ಓಡಿಸ್ಬೇಡ, ಮೇಯೋಕೆ ಬಿಡು ಅಂತ."

ಈ ಹೊಸ ಬಾಯ್ಲರಿನ ಗುಟ್ಟೂ ಹೆಚ್ಚುಕಡಿಮೆ ಅದೇ. ಹಳೆಯದು ಬಿಸಿ ಹೊಗೆಯನ್ನು ಹಾಗೇ ಆಚೆ ಊದಿಬಿಡುತ್ತಿತ್ತು. ಇದು ಆ ಹೊಗೆಯನ್ನೂ ನೆಲದಿಂದ ತಿರುಗಿ ಬರುವ ನೀರಿನ ಪಕ್ಕ ಹಾಯಿಸಿ, ಅದರಲ್ಲಿರುವ ಬಿಸಿಯನ್ನೂ ಹಿಂಡಿಕೊಳ್ಳುತ್ತದೆ. ಹಿಂಡಿದ ಮೇಲೆ ಹೊಗೆಯೊಳಗಿನ ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಆದರೆ ತಿರುಗಿ ಬರುವ ನೀರು ತಂಪಾಗಿದ್ದರೆ ಮಾತ್ರ ಇದು ಸಾಧ್ಯ. ಕುದಿಕುದಿ ನೀರು ಓಡಿಸಿದರೆ ಹೊಸ ಬಾಯ್ಲರ್ ಹಳೆಯದರ ಹಾಗೇ ದುಂದು ಮಾಡುತ್ತದೆ. ಹದವಾದ ನೀರನ್ನು ಹಗಲೂ ರಾತ್ರಿ ನಿಧಾನವಾಗಿ ಹರಿಸಬೇಕು. ಇದನ್ನು ಬೇರೆ ಯಾರಿಗಾದರೂ ಹೇಳಬಹುದು. ಅಜ್ಜಿಗೆ ಹೇಳುವುದು ಕಷ್ಟ. ಅಜ್ಜಿಯ ಕೋಣೆಯ ಒಳಮೂಲೆಯಲ್ಲಿ ನೆಲದ ಹಾಸು ಕಾದು ಕಾದು ಕಂದಾಗಿದೆ. ಮದುವೆಯಾಗಿ ದಾನ್ಯಾಂಗಿನಿಂದ ಬಂದಾಗಿನಿಂದ ಅವರು ಬಿಸಿ ಎಂದರೆ ಅಂಗೈ ಇಟ್ಟ ತಕ್ಷಣ ಚುರ್ ಎನ್ನಬೇಕು ಎಂದೇ ತಿಳಿದವರು.

ಬುಧವಾರ ಪೂರ್ತಿ ಕೊಳವೆ ತೊಳೆಯುವುದರಲ್ಲೇ ಹೋಗುತ್ತದೆ. ಹೊಸ ಬಾಯ್ಲರಿನ ಹೊಟ್ಟೆಯೊಳಗಿನ ದಾರಿಗಳು ಸಣ್ಣವು, ಹಳೆಯ ಕೆಸರು ಹೊಕ್ಕರೆ ಒಂದೇ ಚಳಿಗಾಲಕ್ಕೆ ಕಟ್ಟಿಕೊಳ್ಳುತ್ತವೆ. ಇಪ್ಪತ್ತೆರಡು ವರ್ಷದ ಕೆಸರು ಕಪ್ಪಗೆ ಮೋರಿಗೆ ಹರಿಯುವುದನ್ನು ನೋಡಿ ಅಜ್ಜಿ, "ಅಯ್ಯೋ, ನನ್ನ ಸೋಯಾ ಸಾಸಿಗಿಂತ ಗಟ್ಟಿಯಾಗಿದೆಯಲ್ಲೇ" ಎಂದು ಬೆರಗಾಗುತ್ತಾರೆ. ಗುರುವಾರ ಬಾಯ್ಲರ್ ಗೋಡೆ ಏರುತ್ತದೆ. ಹೊಗೆ ಕೊಳವೆಯನ್ನು ಮಾಲ್‌ಸುಕ್ ಹೊರಗಿನ ಕಡೆ ಒಂದಿಷ್ಟು ಎತ್ತರಿಸಿ, ಒಳಮುಖವಾಗಿ ಇಳಿಜಾರು ಕೊಡುತ್ತಾರೆ. ತೊಟ್ಟಿಕ್ಕುವ ನೀರು ವಾಪಸು ಬಾಯ್ಲರಿಗೇ ಬರಬೇಕು, ಇಲ್ಲದಿದ್ದರೆ ಜನವರಿಯಲ್ಲಿ ಕೆಳಮನೆಯವರ ತಲೆಯ ಮೇಲೆ ಹಿಮದ ಕೋಲು ನೇತಾಡುತ್ತದೆ. ಆ ನೀರು ಹೋಗುವ ಸಣ್ಣ ಕೊಳವೆಗೆ ಕಂಬಳಿ ಸುತ್ತುತ್ತಾರೆ. ವಿಷಗಾಳಿ ಸೋರಿದರೆ ಕಿರುಚುವ ಪುಟ್ಟ ಡಬ್ಬಿಯನ್ನು ಗೋಡೆಗೆ ಹಚ್ಚುತ್ತಾರೆ. ಅಷ್ಟರಲ್ಲಿ ಅಜ್ಜಿ ತೊಟ್ಟಿಕ್ಕುವ ಜಾಗಕ್ಕೆ ಒಂದು ಬೋಗುಣಿ ತಂದು ಇಟ್ಟಾಗಿದೆ, ಬೆಳ್ಳುಳ್ಳಿ ಪಾತಿಗೆ ಹಾಕಲು.

"ಅದು ವಿನೆಗರ್ ಥರ ಹುಳಿ ನೀರು ಅಜ್ಜಿ! ಬೆಳ್ಳುಳ್ಳಿ ಸತ್ತೋಗುತ್ತೆ!"

"ಹಾಗಾದ್ರೆ ಉಪ್ಪಿನಕಾಯಿ ಹಾಕ್ತೀನಿ ಬಿಡು."

ಆ ಗುರುವಾರ ಸಂಜೆ ಅಜ್ಜಿ ಎಡಗೈ ತಿರುವಿನಲ್ಲಿ ಹುಲ್ಲಿನ ಹಗ್ಗ ಹೊಸೆಯುತ್ತ ಕೂತಿದ್ದಾರೆ. ಹೆಣ್ಣು ಮಗುವಾದ್ದರಿಂದ ನಡುನಡುವೆ ಇದ್ದಿಲು ಮತ್ತು ಪೈನ್ ಸೊಪ್ಪು ಸಿಕ್ಕಿಸಬೇಕು. ಇಷ್ಟೊಂದು ಆತುರ ಏಕೆ, ಬಾಣಂತನಕ್ಕೆ ಕಾಸು ಕೊಟ್ಟು ಇರುವ ಮನೆಗಳು ಊರ ತುಂಬ ಇವೆಯಲ್ಲ ಎಂದು ನಾನು ಬುದ್ಧಿ ಇಲ್ಲದೆ ಕೇಳುತ್ತೇನೆ. ಅಜ್ಜಿ ಹೊಸೆಯುವುದನ್ನು ನಿಲ್ಲಿಸುವುದಿಲ್ಲ.

"ನನ್ನ ಮಗಳು ಈ ದಾಸೊಮ್‌ನ ಹೆತ್ತಿದ್ದು ಜನವರೀಲಿ. ಬಾಡಿಗೆ ಕೋಣೆ, ನೆಲ ಮಂಜುಗಡ್ಡೆ. ನನ್ನ ಗಂಡನಿಗೆ ಆ ಮದುವೆ ಇಷ್ಟ ಇರ್ಲಿಲ್ಲ, ಮನೆಗೆ ಕರ್ಕೊಂಡು ಬರೋಕೆ ಬಿಡ್ಲಿಲ್ಲ. ನಾನೂ ಸುಮ್ನಿದ್ದೆ. ಅವಳ ಮೂಳೆ ಮೂಳೆಗೂ ಗಾಳಿ ಹೊಕ್ತು. ಸಾಯೋವರೆಗೂ ಮಂಡಿ ಹಿಡ್ಕೊಂಡೇ ನಡೆದ್ಲು ನನ್ನ ಮಗಳು. ಈ ಬೆಚ್ಚಗಿನ ಮೂಲೇಲಿ ಮಲಗಿದ್ದು ನಾನು, ಚಳೀಲಿ ಬಾಣಂತನ ಮಾಡ್ಕೊಂಡಿದ್ದು ಅವಳು. ಇನ್ನೊಂದ್ಸಲ ಹಾಗಾದ್ರೆ ನಾನು ಯಾವ ಮುಖ ಇಟ್ಕೊಂಡು ಅವಳ ಹತ್ರ ಹೋಗ್ಲಿ?"

ಒಳಗಿಂದ ಸ್ಪ್ಯಾನರಿನ ಸದ್ದು ನಿಲ್ಲುತ್ತದೆ. ಮಾಲ್‌ಸುಕ್ ಕೇಳಿಸಿಕೊಂಡಿದ್ದಾರೆ. ಕೇಳಿದ ತಪ್ಪಿಗೆ ನಾನು ಹಗ್ಗಕ್ಕೆ ಪೈನ್ ಸೊಪ್ಪು ಸಿಕ್ಕಿಸಿಕೊಡುತ್ತ ಕೂರುತ್ತೇನೆ.

ಶುಕ್ರವಾರ ಬೆಳಿಗ್ಗೆ ಗ್ಯಾಸಿನವರು ಬಂದು ಸೋರಿಕೆ ಪರೀಕ್ಷಿಸಿ ಚೀಟಿ ಬರೆದುಕೊಟ್ಟು ಹೋಗುತ್ತಾರೆ. ಬಾಯ್ಲರ್ ಹತ್ತಿಕೊಳ್ಳುತ್ತದೆ. ಸದ್ದೇ ಇಲ್ಲ. ಅಡುಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ದಪ್ಪ ಹಿತ್ತಾಳೆ ಕೊಳವೆಯೊಂದಿದೆ, ಅದರಿಂದ ಕವಲೊಡೆದು ನಾಲ್ಕು ನಲ್ಲಿ, ಕೋಣೆಗೊಂದರಂತೆ. ಮಾಲ್‌ಸುಕ್ ನಾಲ್ಕನ್ನೂ ತೆರೆದು, ನೀರು ನಲವತ್ತೈದು ಡಿಗ್ರಿಗೆ ನಿಲ್ಲಿಸಿ, ಅಜ್ಜಿಯ ಕೋಣೆಯ ನಡುವೆ ನೆಲದ ಬಿಸಿ ಅಳೆಯುವ ಯಂತ್ರ ಇಡುತ್ತಾರೆ. ಮಧ್ಯಾಹ್ನ ಇಪ್ಪತ್ತಾರು, ಸಂಜೆ ಇಪ್ಪತ್ತೆಂಟು. ಲೆಕ್ಕ ಸರಿಯಾಗಿದೆ. ಅಜ್ಜಿ ಒಳಮೂಲೆಯಲ್ಲಿ ಕೂತು ಅಂಗೈ ಊರುತ್ತಾರೆ.

"ಇದೇನೇ ಇದು? ನೆಲಾನಾ, ಪಾತ್ರೆ ತೊಳೆದ ನೀರಾ?"

"ನಿಧಾನ ಅಜ್ಜಿ. ಬೆಳಿಗ್ಗೆ ಹೊತ್ತಿಗೆ ಇಡೀ ಮನೆ ಒಂದೇ ಸಮ ಬೆಚ್ಚಗಾಗುತ್ತೆ. ಇಲ್ನೋಡಿ, ಇಪ್ಪತ್ತೆಂಟು ತೋರಿಸ್ತಿದೆ."

"ನಿನ್ನ ಯಂತ್ರ ಬಾಣಂತನ ಮಾಡುತ್ತಾ? ಈ ಮೂಲೆ ತಣ್ಣಗಿದೆ ಅಂತಿದೀನಿ ನಾನು."

"ನಿಮ್ಮ ಅಂಗೈ ಕಾಯಿಗಟ್ಟಿದೆ, ಬಿಸಿ ಗೊತ್ತಾಗ್ತಾ ಇಲ್ಲ ಅಷ್ಟೇ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ! ನಿನಗೆ ಕೆಲಸ ಬರಲ್ಲ ಅಂತ ನನ್ನ ಕೈ ದೂರ್ತೀಯಾ?"

ಮೂವತ್ತೊಂದು ಚಳಿಗಾಲ ಕೆಲಸ ಮಾಡಿದವರಿಗೆ ಈ ಮಾತು ನಾಟುತ್ತದೆ. ಮಾಲ್‌ಸುಕ್ ಮುಖ ಬಿಗಿದು, "ನಾಳೆ ಬೆಳಿಗ್ಗೆ ನೀವೇ ಹೇಳ್ತೀರಾ" ಎಂದು ಹೊರಟುಹೋಗುತ್ತಾರೆ.

ಮಾರನೇ ದಿನ, ಶನಿವಾರ, ಐದೂವರೆಗೆ ಫೋನ್. ಬಾಯ್ಲರ್ ನಿಂತಿದೆ. ಮಾಲ್‌ಸುಕ್ ಜೊತೆ ನಾನೂ ಓಡುತ್ತೇನೆ. ಮನೆ ಬಾವಿಯಂತೆ ತಣ್ಣಗಿದೆ, ಬಾಯ್ಲರಿನ ಮುಖದಲ್ಲಿ ಕೆಂಪು ಅಂಕಿ ಮಿನುಗುತ್ತಿದೆ. ಅಜ್ಜಿಯ ಮೂಲೆಯಲ್ಲಿ ಒಂದರ ಮೇಲೊಂದು ಮೂರು ಹತ್ತಿ ರಜಾಯಿ. ತೊಟ್ಟಿಯ ಕೆಳಗೆ ಬಗ್ಗಿ ನೋಡಿದರೆ, ನಾಲ್ಕು ನಲ್ಲಿಗಳಲ್ಲಿ ಮೂರು ಬಿಗಿಯಾಗಿ ಮುಚ್ಚಿವೆ. ನೀರಿನ ಬಿಸಿ ಏರಿಸುವ ಗುಂಡಿ ಕಟ್ಟಕಡೆಗೆ ತಿರುಗಿದೆ. ನಮ್ಮ ಗುಡ್ಡದ ಅಜ್ಜಿಯರೆಲ್ಲ ಮಾಡುವ ಕೆಲಸವೇ ಇದು. ಉಳಿದ ಕೋಣೆ ಮುಚ್ಚಿದರೆ ಎಲ್ಲ ಬಿಸಿಯೂ ತಮ್ಮ ಕೋಣೆಗೇ ಬರುತ್ತದೆಂದು ಲೆಕ್ಕ. ಎಣ್ಣೆ ಬಾಯ್ಲರಿಗೆ ಅದು ನಡೆಯುತ್ತಿತ್ತು. ಇದು, ಉರಿಸಿದ ಬಿಸಿ ಹೋಗಲು ದಾರಿ ಸಾಲದೆ, ತನ್ನ ಮೈಯೇ ಕಾದು, ಅಪಾಯವೆಂದು ತಾನೇ ಆರಿಕೊಂಡಿದೆ.

"ಯಾರು ಮುಚ್ಚಿದ್ದು?"

"ಇಲಿ ಮುಚ್ಚಿರ್ಬೇಕು" ಎನ್ನುತ್ತಾರೆ ಅಜ್ಜಿ, ಗೋಡೆ ನೋಡುತ್ತ.

"ಇಲಿ ಗುಂಡಿನೂ ತಿರುಗಿಸ್ತಾ? ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಎಂಟು ಗಂಟೆ ಟೈಮ್ ಇದೆ ನನಗೆ! ತಣ್ಣಗಿನ ಗಾಳಿ ಕುಡ್ಕೊಂಡು ಮಗು ನಿಮ್ಮ ಮೂರು ರಜಾಯಿ ಕೆಳಗೆ ಇರುತ್ತಾ?"

ಅಜ್ಜಿ ಜಗಳಕ್ಕೆ ಬರುವುದಿಲ್ಲ. ಗೋಡೆಗೆ ಒರಗಿ ಕುಸಿಯುತ್ತಾರೆ. "ತಣ್ಣಗಿತ್ತು ಕಣೇ" ಎನ್ನುತ್ತಾರೆ ಸಣ್ಣ ದನಿಯಲ್ಲಿ. "ನಿಜವಾಗ್ಲೂ ಈ ಮೂಲೆ ತಣ್ಣಗಿತ್ತು. ನಾನೇನು ಮಾಡ್ಲಿ?"

ಮಾಲ್‌ಸುಕ್ ನಲ್ಲಿಗಳನ್ನು ತೆರೆದು, ಗುಂಡಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಬಾಯ್ಲರನ್ನು ಮತ್ತೆ ಹೊತ್ತಿಸುತ್ತಾರೆ. ಆಮೇಲೆ ಅವರು ಮಾಡುವ ಕೆಲಸಕ್ಕೆ ನನಗೆ ಅವರ ಮೇಲೆ ಗೌರವ ನೂರು ಪಟ್ಟು ಹೆಚ್ಚುತ್ತದೆ. ಯಂತ್ರವನ್ನು ಜೇಬಿಗೆ ಹಾಕಿಕೊಂಡು, ಅಜ್ಜಿಯ ಪಕ್ಕ ಮಂಡಿಯೂರಿ, ಅದೇ ಮೂಲೆಯಲ್ಲಿ ತಮ್ಮ ಅಂಗೈ ಇಡುತ್ತಾರೆ. ಒಂದು ಗಂಟೆ ಕಾಯುತ್ತಾರೆ. ಅಂಗೈಯನ್ನು ಮೂಲೆಯಿಂದ ನಡುವಿಗೆ, ನಡುವಿನಿಂದ ಬಾಗಿಲಿಗೆ ಒಯ್ಯುತ್ತಾರೆ. ಬಾಗಿಲ ಬಳಿ ಆಗಲೇ ನೆಲ ಬೆಚ್ಚಗಾಗುತ್ತಿದೆ. ಮೂಲೆ ಹಾಗೇ ಇದೆ. ಈಗ ಯಂತ್ರ ತೆಗೆದು ಎರಡೂ ಕಡೆ ಇಡುತ್ತಾರೆ. ಬಾಗಿಲಲ್ಲಿ ಇಪ್ಪತ್ತೇಳು, ಮೂಲೆಯಲ್ಲಿ ಹತ್ತೊಂಬತ್ತು.

ಹಣೆಗೆ ಫಟ್ಟನೆ ಹೊಡೆದುಕೊಳ್ಳುತ್ತಾರೆ. "ನಾನೊಬ್ಳು ಪೆದ್ದಿ! ಅಜ್ಜಿ, ನಿಮ್ಮ ಕೈ ಸರಿ, ನಾನು ಅಳೆದ ಜಾಗ ತಪ್ಪು."

ಆಗಿದ್ದು ಇಷ್ಟು. ಇಪ್ಪತ್ತೆರಡು ವರ್ಷದ ಹಿಂದೆ ಕೊಳವೆ ಹಾಕಿದವರು ಯಾರೋ, ಈ ಕೋಣೆಯ ಎರಡು ತುದಿಗಳನ್ನು ಅದಲು ಬದಲು ಜೋಡಿಸಿದ್ದಾರೆ. ಬಿಸಿನೀರು ಮೊದಲು ಬಾಗಿಲ ಬಳಿ ನುಗ್ಗಿ, ಕೋಣೆಯೆಲ್ಲ ಸುತ್ತಿ, ತಣ್ಣಗಾದ ಮೇಲೆ ಕೊನೆಗೆ ಅಜ್ಜಿಯ ಮೂಲೆಗೆ ಬರುತ್ತಿದೆ. ಎಣ್ಣೆ ಬಾಯ್ಲರಿನ ಕುದಿನೀರಿನಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ, ಕೊನೆಗೆ ಬಂದರೂ ಅದು ಸುಡುತ್ತಲೇ ಇತ್ತು. ಹದವಾದ ನೀರಿನಲ್ಲಿ ಗೊತ್ತಾಯಿತು, ಅದೂ ಒಬ್ಬರ ಅಂಗೈಗೆ ಮಾತ್ರ.

"ಒಂದೇ ಸಮ ಬಿಸಿ, ಒಂದೇ ಸಮ ಬಿಸಿ ಅಂತ ಪುಸ್ತಕದ ಮಾತು ಹಿಡ್ಕೊಂಡು ಕೂತೆ" ಎನ್ನುತ್ತಾರೆ ಮಾಲ್‌ಸುಕ್, ತೊಟ್ಟಿಯ ಕೆಳಗೆ ತಲೆ ತೂರಿಸುತ್ತ. "ಅಪ್ಪ ಕಲ್ಲು ಹಾಸೋ ಮುಂಚೆ ಮನೆಯೋರನ್ನ ಮೊದಲು ಕೇಳ್ತಿದ್ದಿದ್ದೇ ಅದು. ಹಿರಿಯರು ಮಲಗೋ ಮೂಲೆ ಯಾವುದು ಅಂತ. ನಾನು ಕಿಟಕಿ ಕೇಳ್ದೆ, ಗೋಡೆ ಕೇಳ್ದೆ, ಸ್ನಾನ ಕೇಳ್ದೆ. ಮೂಲೆ ಕೇಳ್ಲಿಲ್ಲ."

ಎರಡು ತುದಿ ಬಿಚ್ಚಿ, ಅದಲು ಬದಲು ಮಾಡಿ ಬಿಗಿದು, ಗಾಳಿ ಹೊರಬಿಡಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆಗ ಎಂಟು ಗಂಟೆ. ಆಮೇಲೆ ಕಾಯುವುದೊಂದೇ ಕೆಲಸ. ಅಷ್ಟು ದಪ್ಪ ಗಾರೆ ಅವಸರಕ್ಕೆ ಕಾಯುವುದಿಲ್ಲ. ಅಜ್ಜಿ ಬಾಣಂತಿಯ ಸಾರಿಗೆ ಕಡಲ ಸೊಪ್ಪು ನೆನೆಹಾಕುತ್ತಾರೆ, ಎರಡು ನಿಮಿಷಕ್ಕೊಮ್ಮೆ ಬಂದು ಮೂಲೆ ಮುಟ್ಟುತ್ತಾರೆ. "ಮುಟ್ಟಿ ಮುಟ್ಟಿ ನೀವೇ ತಣ್ಣಗೆ ಮಾಡ್ತಿದೀರಾ" ಎಂದು ಮಾಲ್‌ಸುಕ್ ಓಡಿಸುತ್ತಾರೆ. ಹತ್ತಕ್ಕೆ ಇಪ್ಪತ್ತನಾಲ್ಕು. ಹನ್ನೆರಡಕ್ಕೆ ಇಪ್ಪತ್ತೊಂಬತ್ತು. ಒಂದು ಗಂಟೆಗೆ ಮೂವತ್ತೊಂದು. ಅಜ್ಜಿ ಮೂರೂ ರಜಾಯಿ ಎತ್ತಿಟ್ಟು, ಒಂದು ಬದಿಗೆ ಒರಗಿ, ಕೆನ್ನೆಯನ್ನೇ ನೆಲಕ್ಕೆ ಒತ್ತಿ ಕಣ್ಣು ಮುಚ್ಚುತ್ತಾರೆ. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೇವೆ.

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಏಳಿ ಇಬ್ರೂ, ಆಚೆ ನಡೀರಿ. ನನಗೆ ಸಾರು ಮಾಡ್ಬೇಕು."

ಎರಡಕ್ಕೆ ಹತ್ತು ನಿಮಿಷವಿರುವಾಗ ಕೆಳಗೆ ಟ್ಯಾಕ್ಸಿ ನಿಲ್ಲುತ್ತದೆ. ದಾಸೊಮ್ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾಳೆ, ಹಿಂದೆ ಅವಳ ಗಂಡ ಮಗುವನ್ನು ಹಾಲಿನ ಪಾತ್ರೆ ಹಿಡಿದವನ ಹಾಗೆ ಹಿಡಿದುಕೊಂಡು ಬರುತ್ತಾನೆ. ಮಗುವಿಗೆ ಇನ್ನೂ ಹೆಸರಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಕೊಂಗಿ ಎನ್ನುತ್ತಾರೆ, ಕಾಳು ಎಂದು ಅರ್ಥ. ಅಜ್ಜಿ ಎದುರು ಹೋಗಿ ಮೊಮ್ಮಗಳ ಮೊಣಕಾಲುಗಳನ್ನು ಎರಡೂ ಕೈಯಿಂದ ಒಂದು ಸಲ ಒತ್ತಿ ನೋಡುತ್ತಾರೆ. ಆಮೇಲೆ ಮೂವರನ್ನೂ ಒಳಗೆ ಕಳಿಸಿ, ಬಾಗಿಲಿಗೆ ಹಗ್ಗ ಕಟ್ಟುತ್ತಾರೆ. ನಾವಿಬ್ಬರೂ ಹಗ್ಗದ ಈಚೆ. ಮಾಲ್‌ಸುಕ್‌ಗೆ ಮುಂದಿನ ಮನೆಗೆ ಆಗಲೇ ನಾಲ್ಕು ಗಂಟೆ ತಡವಾಗಿದೆ.

ಮಿಕ್ಕ ಮಾತು ಆಡಲು ನಾನು ಅವರನ್ನು ಹಿಡಿದದ್ದು ಒಂಬತ್ತು ದಿನದ ಮೇಲೆ, ಶಾಲೆ ಹಿಂದಿನ ಒಂದು ಮನೆಯಲ್ಲಿ. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಮನೆಯ ಮುದುಕರೊಬ್ಬರಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ನೀವು ಎಲ್ಲಿ ಮಲಗ್ತೀರಾ ಯಜಮಾನ್ರೇ, ತೋರಿಸಿ" ಎಂದಾಗಿತ್ತು. ಮುಂದೇನು ಆಸೆ ಎಂದು ನಾನು ಪೇಪರಿನವರ ಮಾಮೂಲಿ ಪ್ರಶ್ನೆ ಕೇಳುತ್ತಿದ್ದೇನೆ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಳ್ಳುತ್ತದೆ. ದಾನ್ಯಾಂಗ್ ಅಜ್ಜಿ. ಮಾಲ್‌ಸುಕ್ ಮುಖ ಬಿಳಿಚಿಕೊಳ್ಳುತ್ತದೆ, ಹಗ್ಗ ಬಿಚ್ಚಲು ಇನ್ನೂ ಹನ್ನೆರಡು ದಿನ ಇದೆ. ಕೈಯಲ್ಲಿ ಗ್ರೀಸ್ ಇದ್ದದ್ದರಿಂದ ನಾನೇ ಫೋನ್ ಒತ್ತಿ ಅವರ ಕಿವಿಯ ಬಳಿ ಹಿಡಿಯುತ್ತೇನೆ. ಅಜ್ಜಿಯ ದನಿ ಇಡೀ ಕೋಣೆಗೆ ಕೇಳುತ್ತದೆ.

"ಏ ಮಾಲ್‌ಸುಕ್, ಇದನ್ನ ಇಳಿಸೋದು ಹೇಗೇ? ಕೂಸಿನ ನೆತ್ತಿ ಬೆವರ್ತಾ ಇದೆ. ದಾಸೊಮ್ ಹೊದಿಕೆ ಒದ್ದು ಗೊರಕೆ ಹೊಡೀತಿದಾಳೆ. ನನಗೂ ಸೆಕೆ."

ಯಾವ ಗುಂಡಿ, ಯಾವ ಕಡೆ, ಎಷ್ಟು ಎಂದು ಮಾಲ್‌ಸುಕ್ ಹೇಳಿಕೊಡುತ್ತಾರೆ. ಅಜ್ಜಿ ಧನ್ಯವಾದ ಗಿನ್ಯವಾದ ಏನೂ ಹೇಳದೆ ಫೋನ್ ಇಡುತ್ತಾರೆ. ಮಾಲ್‌ಸುಕ್ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಕಣ್ಣನ್ನೂ ಅದರಲ್ಲೇ ಒರೆಸಿಕೊಂಡು ಕೆನ್ನೆಗೆಲ್ಲ ಗ್ರೀಸ್ ಮಾಡಿಕೊಳ್ಳುತ್ತಾರೆ.

"ಮೂವತ್ತೊಂದು ಚಳಿಗಾಲ ಆಯ್ತು ಪೇಪರ್ ಅಕ್ಕ. ಬರೋ ಫೋನೆಲ್ಲ ತಣ್ಣಗಿದೆ, ತಣ್ಣಗಿದೆ ಅಂತಾನೇ. ಇಳಿಸು ಅಂತ ಬಂದಿದ್ದು ಇದೇ ಮೊದಲು. ಇದನ್ನ ಬರೀರಿ. ಉಳಿದಿದ್ದು ಬಿಟ್ರೂ ನಡೆಯುತ್ತೆ."